ಎರಡು ಸಂಸಾರಕ್ಕೊಂದು ತಲೆಬಾಗಿಲು

ಮುಳಬಾಗಿಲು ಎಂದರೆ ಮೂಡಲ ಬಾಗಿಲು. ಅಲ್ಲಿಂದ ಇನ್ನೂ ಪೂರ್ವಕ್ಕೆ, ಆಂಧ್ರದ ಗಡಿಗೆ ತಾಗಿದಂತಿರುವ ನಂಗಲಿಯನ್ನು ಹೊಯ್ಸಳ ವಿಷ್ಣುವರ್ಧನನ ಶಾಸನಗಳು ಅವನ ರಾಜ್ಯದ ಮೂಡಣ ಎಲ್ಲೆಯೆಂದು ಹೆಸರಿಸುತ್ತವೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎನ್ನುವ ಮಕ್ಕಳು ಈ ಸೀಮೆಯಲ್ಲಿ ಧಾರಾಳ. ಒಂದೇ ಕಂಪ್ಯೂಟರಿನಲ್ಲಿ ಎರಡು ಕಾರ್ಯಾಚರಣ ವ್ಯವಸ್ಥೆ ಎಂದರೆ ಇಂಥವರು ಬೆಚ್ಚಬೇಕಿಲ್ಲ.

ಎರಡು ಯಾಕೆ? ಅಪ್ಪನ ಹಳೆಯ 'ನುಡಿ' ಕಡತಗಳು ವಿಂಡೋಸ್‌ನಲ್ಲಿರುತ್ತವೆ. ಮಗಳಿಗೆ ಪ್ರೋಗ್ರಾಮಿಂಗ್ ಕಲಿಯಲು ಲಿನಕ್ಸ್ ಬೇಕು. ಇನ್ನೊಂದು ಗಡಿಯಾದ ಕಾಸರಗೋಡಿನಲ್ಲಂತೂ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಪಾಠವನ್ನು ಲಿನಕ್ಸ್‌ನಲ್ಲೇ ಕಲಿಯುತ್ತಾರೆ. ಕೇರಳದ ಶಾಲೆಗಳ ಕ್ರಮವೇ ಅದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ, ವಿಂಡೋಸ್ 11ಕ್ಕೆ ಒಗ್ಗದ ಹಳೆಯ ಯಂತ್ರಗಳಿಗೂ ಲಿನಕ್ಸೇ ಗತಿ.

ತೊಡಕು ಇರುವುದು ಯಂತ್ರ ಶುರುವಾಗುವ ಮೊದಲ ಕ್ಷಣದಲ್ಲಿ. ಹಳೆಯ ಪದ್ಧತಿಯಲ್ಲಿ ಹಾರ್ಡ್ ಡಿಸ್ಕಿನ ಮೊದಲ ಸೆಕ್ಟರ್ ಬರೇ 512 ಬೈಟ್. ಅದರಲ್ಲಿ ಪ್ರೋಗ್ರಾಮಿಗೆ ಸಿಗುವುದು 446 ಬೈಟ್; ಉಳಿದದ್ದು ಡಿಸ್ಕಿನ ಪಾಲುಪಟ್ಟಿಗೆ. ಇಷ್ಟು ಸಣ್ಣ ಜಾಗದಲ್ಲಿ 'ಯಾವುದು ಬೇಕು?' ಎಂದು ಕೇಳುವ ಮೆನು ಹಿಡಿಸದು. ಹಾಗಾಗಿ ಲಿನಕ್ಸ್‌ನ 'ಗ್ರಬ್' ತನ್ನ ಬಹುಭಾಗವನ್ನು ಲಿನಕ್ಸ್‌ನ ಪಾಲಿನೊಳಗೇ ಇಟ್ಟುಕೊಳ್ಳುತ್ತದೆ. ಮುಂದೊಂದು ದಿನ ಯಾರೋ 'ಜಾಗ ಸಾಲದು' ಎಂದು ಲಿನಕ್ಸ್ ಅಳಿಸಿದರೋ, ಮುಗಿಯಿತು! ವಿಂಡೋಸ್‌ಗೆ ಕೂದಲೂ ಕೊಂಕಿರುವುದಿಲ್ಲ, ಆದರೆ ಯಂತ್ರ 'ಗ್ರಬ್ ರೆಸ್ಕ್ಯೂ' ಎಂಬ ಕಪ್ಪು ಪರದೆ ತೋರಿಸಿ ಕೂರುತ್ತದೆ. ಪಾಲಾದ ಅಣ್ಣತಮ್ಮಂದಿರ ಮನೆಯಲ್ಲಿ ತಲೆಬಾಗಿಲ ಬೀಗದಕೈ ಒಬ್ಬನ ಟ್ರಂಕಿನಲ್ಲಿ ಉಳಿದಂತೆ. ಪ್ರಾಜೆಕ್ಟ್ ಒಪ್ಪಿಸುವ ಹಿಂದಿನ ರಾತ್ರಿ ಹೀಗಾದರೆ ಮನೆಯಲ್ಲಿ ರಂಪವೇ ಸರಿ.

ಮದ್ದು ಹೊಸದೇನಲ್ಲ. 1992ರಲ್ಲಿ ಬಂದ ಐಬಿಎಂನ ಓಎಸ್/2 ಆವೃತ್ತಿ ತನ್ನ ಬೂಟ್ ಮ್ಯಾನೇಜರಿಗೆ ಸುಮಾರು 1 ಎಂಬಿಯ ಪ್ರತ್ಯೇಕ ಪಾಲು ಕೊಟ್ಟಿತ್ತು. ಇಂದು ಗ್ರಬ್‌ಗೂ ಹಾಗೆಯೇ ಒಂದು ಪಾಲು ಬಿಡಬಹುದು. 1 ಜಿಬಿ ಕೊಟ್ಟರೆ ಅದೇ ಹೆಚ್ಚು. ಮುಖ್ಯ ಪಾಲುಗಳು ನಾಲ್ಕೇ ಆಗಬಹುದಾದ್ದರಿಂದ ಮೊದಲೇ ಲೆಕ್ಕ ಹಾಕಿಕೊಳ್ಳಿ. ವಿಂಡೋಸ್ ಮೊದಲು, ಲಿನಕ್ಸ್ ಆಮೇಲೆ. ಪ್ರತ್ಯೇಕ ಪಾಲಿನ ಮೆನುವಿನಲ್ಲಿ ಎರಡೇ ಸಾಲು ಸಾಕು: ಒಂದು ವಿಂಡೋಸ್‌ನ ಪಾಲಿಗೆ ದಾಟಿಸುತ್ತದೆ, ಇನ್ನೊಂದು ಲಿನಕ್ಸ್‌ನ ಸ್ವಂತ ಮೆನುವನ್ನು ಓದಿಸುತ್ತದೆ. ಲಿನಕ್ಸ್ ಅಳಿಸಿದರೂ ತಲೆಬಾಗಿಲು ಅಲ್ಲಾಡದು. ವಿಂಡೋಸ್ ಮರುಸ್ಥಾಪಿಸಿದರೆ ಮೊದಲ ಸೆಕ್ಟರ್ ಅದರ ವಶವಾಗುತ್ತದೆ, ನಿಜ. ಆದರೆ ಮೆನು ಸುರಕ್ಷಿತ. ಲಿನಕ್ಸ್ ಇರುವ ಪೆನ್‌ಡ್ರೈವ್‌ನಿಂದ ಗ್ರಬ್ಬನ್ನು ಮತ್ತೆ ಅಲ್ಲಿ ಕೂರಿಸಿದರಾಯಿತು.

2012ರಲ್ಲಿ ವಿಂಡೋಸ್ 8 ಬಂದ ನಂತರದ ಬಹುತೇಕ ಯಂತ್ರಗಳಲ್ಲಿ ಯುಇಎಫ್ಐ ಪದ್ಧತಿಯಿದೆ. ಅಲ್ಲಿ ಇಂಥದೊಂದು ಪುಟ್ಟ ಪಾಲು ಮೊದಲೇ ಇರುವುದರಿಂದ ಈ ಉಸಾಬರಿ ಬೇಡ. ನಿಮ್ಮದು ಯಾವುದೆಂದು ವಿಂಡೋಸ್‌ನ 'ಸಿಸ್ಟಮ್ ಇನ್ಫರ್ಮೇಶನ್' ಹೇಳುತ್ತದೆ. 'ಲೆಗಸಿ' ಎಂದಿದ್ದರೆ ಹಳೆಯದು. ಯಾವುದೇ ಆಗಲಿ, ಡಿಸ್ಕಿಗೆ ಕೈಹಚ್ಚುವ ಮುನ್ನ ಕಡತಗಳ ಪ್ರತಿ ಬೇರೆಡೆ ಇರಲಿ.

ಲಿನಕ್ಸ್‌ನಿಂದ ವಿಂಡೋಸ್‌ಗೆ ಮರಳಿದಾಗ ಗಡಿಯಾರ ಐದೂವರೆ ಗಂಟೆ ಹಿಂದಿದ್ದರೆ ಗಾಬರಿ ಬೇಡ. ಲಿನಕ್ಸ್ ಯಂತ್ರದೊಳಗಿನ ಗಡಿಯಾರವನ್ನು ಜಾಗತಿಕ ಸಮಯಕ್ಕೆ ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ. ಸ್ಥಳೀಯ ಸಮಯವನ್ನೇ ಬಳಸುವಂತೆ ಲಿನಕ್ಸ್‌ಗೆ ಒಮ್ಮೆ ಹೇಳಿದರೆ ಸಾಕು.