ಹೈದರಾಬಾದಿನ ಚಾರ್ಮಿನಾರು

ಹೈದರಾಬಾದಿಗೆ ಹೋಗಿಬಂದವರೆಲ್ಲರೂ ಚಾರ್ಮಿನಾರನ್ನು ಕಂಡಿರುವರು. ಹೋಗದವರು ಅದರ ಚಿತ್ರವನ್ನಾದರೂ ಕಂಡಿರುವರು. ಬೀದರ, ಗುಲ್ಬರ್ಗ, ರಾಯಚೂರು ಸೀಮೆಗಳ ನಮ್ಮ ಹಿರಿಯರಿಗಂತೂ ಅದು ದಿನದಿನವೂ ಕೈಯಲ್ಲಿ ಹಿಡಿಯುವ ಚಿತ್ರವಾಗಿದ್ದಿತು. ಆ ಜಿಲ್ಲೆಗಳು 1948ನೆಯ ಇಸವಿಯ ವರೆಗೆ ನಿಜಾಮರ ರಾಜ್ಯಕ್ಕೆ ಸೇರಿದ್ದುವು. ಅಲ್ಲಿ ಚಲಾವಣೆಯಲ್ಲಿದ್ದ ಹಾಲಿ ಸಿಕ್ಕಾ ರೂಪಾಯಿಯ ಮೇಲೆ ಈ ಕಟ್ಟಡದ ಆಕೃತಿಯೇ ಮುದ್ರಿತವಾಗಿದ್ದಿತು. ಆದರೆ ಬಹು ಪರಿಚಿತವಾದುದನ್ನು ನಾವು ನಿಂತು ನೋಡುವುದು ಅಪೂರ್ವ. ಆದುದರಿಂದ ಈ ಕಟ್ಟಡವು ಹೇಗೆ ಹುಟ್ಟಿತು, ಯಾವ ಬಲದಿಂದ ನಿಂತಿರುವುದು, ಯಾವುದರಿಂದ ಇಂದಿಗೂ ಉಳಿದಿರುವುದು ಎಂಬ ಮೂರು ಸಂಗತಿಗಳನ್ನು ಇಲ್ಲಿ ವಿವರಿಸಲು ಇಚ್ಛಿಸುವೆವು.

ಗೋಲ್ಕೊಂಡದ ಕುತುಬಶಾಹಿ ಸುಲ್ತಾನರಲ್ಲಿ ಐದನೆಯವನಾದ ಮಹಮ್ಮದ್ ಕುಲಿಯು 1580ರಿಂದ 1612ರ ವರೆಗೆ ಆಳಿದನು. ಅವನು ದಖ್ಖನಿ ಭಾಷೆಯಲ್ಲಿ ಪದ್ಯಗಳನ್ನು ರಚಿಸಿದ ಕವಿಯೂ ಹೌದು. ಗೋಲ್ಕೊಂಡದ ಕೋಟೆಯೊಳಗೆ ಜನಸಂದಣಿಯು ಮಿತಿಮೀರಲು, ಅವನು ಮೂಸಿ ನದಿಯ ದಕ್ಷಿಣ ದಡದಲ್ಲಿ ಹೊಸ ಪಟ್ಟಣವನ್ನು ಕಟ್ಟಿಸಲು ನಿಶ್ಚಯಿಸಿದನು. ಆ ನದಿಗೆ ಅವನ ತಂದೆ ಇಬ್ರಾಹಿಮನ ಕಾಲದಲ್ಲಿಯೇ, 1578ರಲ್ಲಿ, ಸೇತುವೆಯಾಗಿದ್ದಿತು. ಹೊಸ ಪಟ್ಟಣದ ರಚನೆಯಲ್ಲಿ ಮಂತ್ರಿಯಾದ ಮೀರ್ ಮೊಮಿನನ ಕೈ ದೊಡ್ಡದು. ನಾಲ್ಕು ದಿಕ್ಕುಗಳಿಂದ ಬರುವ ನಾಲ್ಕು ರಾಜಬೀದಿಗಳು ಒಂದೆಡೆ ಕೂಡುವಂತೆ ಮಾಡಿ, ಆ ಕೂಡುವ ಚೌಕದಲ್ಲಿ 1591ರಲ್ಲಿ ಚಾರ್ಮಿನಾರನ್ನು ಎಬ್ಬಿಸಿದರು. ಅಂದರೆ ಊರು ಬೆಳೆದ ಮೇಲೆ ನಡುವೆ ಸೇರಿಸಿದ ಅಲಂಕಾರ ಇದಲ್ಲ. ಇದನ್ನು ನಡುವಿಟ್ಟುಕೊಂಡು ಊರೇ ಬೆಳೆಯಿತು.

ಊರನ್ನು ಪೀಡಿಸಿದ ಮಹಾಮಾರಿಯು ಶಾಂತವಾದುದಕ್ಕೆ ಕೃತಜ್ಞತೆಯಾಗಿ ಇದನ್ನು ಕಟ್ಟಿಸಿದರೆಂಬುದು ಜನರ ಬಾಯಲ್ಲಿರುವ ಕಥೆ. ಇಸ್ಲಾಮೀ ಹಿಜರಿ ಶಕೆಯ ಸಾವಿರದ ವರ್ಷದ ಸ್ಮಾರಕವೆಂದು ಹೇಳುವವರೂ ಇರುವರು. ಈ ಎರಡನೆಯ ಮಾತಿಗೆ ಒಂದು ಸ್ವಾರಸ್ಯವಾದ ಆಧಾರವುಂಟು. ಅರಬ್ಬೀ ಅಕ್ಷರಗಳಿಗೆ ಒಂದೊಂದು ಸಂಖ್ಯೆಯನ್ನು ಕೊಟ್ಟು, ಒಂದು ಮಾತಿನಲ್ಲಿ ವರ್ಷವನ್ನು ಅಡಗಿಸುವ ಪದ್ಧತಿ ಆ ಕಾಲದಲ್ಲಿದ್ದಿತು. ಚಾರ್ಮಿನಾರಿಗೆ ಸಲ್ಲುವ ಕಾಲಸೂಚಕ ವಾಕ್ಯವು ‘ಯಾ ಹಾಫಿಜ್’ ಎಂಬುದು. ‘ಓ ರಕ್ಷಕನೇ’ ಎಂದು ಅದರ ಅರ್ಥ. ಅದರ ಅಕ್ಷರಗಳನ್ನು ಕೂಡಿಸಿದರೆ ಸರಿಯಾಗಿ 1000 ಬರುವುದು.

ಇನ್ನು ಕಟ್ಟಡದ ರೂಪ. ಇದು ಚಚ್ಚೌಕವಾದುದು, ಒಂದೊಂದು ಮುಖಕ್ಕೂ ಒಂದೊಂದು ಮಹಾ ಕಮಾನು. ಪ್ರತಿಯೊಂದು ಕಮಾನಿನ ಅಗಲವು ಸುಮಾರು 36 ಅಡಿ. ನಾಲ್ಕು ಮೂಲೆಗಳಲ್ಲಿ ನಾಲ್ಕು ಮಿನಾರುಗಳು 150 ಅಡಿಗೂ ಮಿಕ್ಕಿ ಏರಿರುವುವು. ಅವುಗಳಿಗೆ ಹೊರಚಾಚಿದ ಸುತ್ತುಮೊಗಸಾಲೆಗಳೂ ತುದಿಯಲ್ಲಿ ಪುಟ್ಟ ಗುಮ್ಮಟಗಳೂ ಇರುವುವು. ಒಳಗಿನ ಸುತ್ತು ಮೆಟ್ಟಿಲುಗಳು 149. ಅವುಗಳನ್ನು ಹತ್ತಿದವರು ಮೇಲಿನ ಅಂತಸ್ತನ್ನು ಸೇರುವರು. ಮಾಳಿಗೆಯ ಪಶ್ಚಿಮ ಭಾಗದಲ್ಲಿ ಒಂದು ಮಸೀದಿಯಿರುವುದು. ಅದರಲ್ಲಿ 45 ಮಂದಿ ಪ್ರಾರ್ಥಿಸಲು ಸ್ಥಳವನ್ನು ಗುರುತುಮಾಡಿರುವರು. ನಾಲ್ಕು ಮುಖಗಳಲ್ಲಿ ಕಾಣುವ ಗಡಿಯಾರಗಳು ಮಾತ್ರ ಹಳೆಯವಲ್ಲ. ಅವನ್ನು 1889ರಲ್ಲಿ ಇರಿಸಿದರು.

ಕಮಾನಿನ ಗುಣವೇನೆಂದರೆ, ಅದು ತನ್ನ ಭಾರವನ್ನು ನೇರವಾಗಿ ಕೆಳಕ್ಕೆ ಮಾತ್ರ ಇಳಿಸದೆ ಎರಡು ಪಕ್ಕಗಳಿಗೂ ತಳ್ಳುತ್ತಿರುವುದು. ಪಕ್ಕದಲ್ಲಿ ಬಲವಾದ ಆಧಾರವಿಲ್ಲದಿದ್ದರೆ ಕಾಲುಗಳು ಹೊರಕ್ಕೆ ಸರಿದು ಕಮಾನು ಕುಸಿಯುವುದು. ಇಲ್ಲಿ ನಾಲ್ಕು ಕಮಾನುಗಳ ತಳ್ಳುವಿಕೆಯೂ ಬಂದು ಸೇರುವುದು ಮೂಲೆಗಳಲ್ಲಿ. ಆ ಮೂಲೆಗಳ ಮೇಲೆಯೇ ಮಿನಾರುಗಳ ದೊಡ್ಡ ಭಾರವು ಕುಳಿತಿರುವುದು. ಮೇಲಿನಿಂದ ಒತ್ತುವ ಈ ಭಾರವು ಪಕ್ಕದ ತಳ್ಳುವಿಕೆಯನ್ನು ನೆಲದ ಕಡೆಗೆ ತಿರುಗಿಸುವುದು. ನೋಟಕ್ಕೆ ಶೃಂಗಾರವೆಂದು ತೋರುವ ಮಿನಾರುಗಳು ಹೀಗೆ ಕೆಲಸಗಾರರೂ ಆಗಿರುವುವು.

ಕಟ್ಟಡದ ಎಲುಬು ಗ್ರಾನೈಟು ಕಲ್ಲು. ಆದರೆ ಅದರ ಚರ್ಮವು ಸುಣ್ಣದ ಗಾರೆ. ಹೂಬಳ್ಳಿ, ಕಟಕಟೆ, ಸಣ್ಣ ಕಮಾನುಗಳ ಸಾಲು ಮುಂತಾಗಿ ಕಣ್ಣನ್ನು ಸೆಳೆಯುವ ಬೆಡಗೆಲ್ಲವೂ ಬಹುಮಟ್ಟಿಗೆ ಗಚ್ಚಿನ ಕೆಲಸ. ಸುಣ್ಣಕಲ್ಲನ್ನು ಸುಟ್ಟು, ನೀರಿನಲ್ಲಿ ಅರಳಿಸಿ, ಮರಳಿನೊಡನೆ ನುಣ್ಣಗೆ ಅರೆದು ಗಾರೆಯನ್ನು ಸಿದ್ಧಪಡಿಸುವರು. ಬೆಲ್ಲದ ನೀರನ್ನೂ ಅಳಲೆಕಾಯಿಯ ರಸವನ್ನೂ ಬೆರೆಸುವ ಪದ್ಧತಿ ದಕ್ಷಿಣದ ಗಾರೆಯವರಲ್ಲಿ ಹಳೆಯದು. ಈ ಗಾರೆಯು ಗಾಳಿಯಲ್ಲಿನ ಅಂಗಾರಾಮ್ಲವನ್ನು ಮೆಲ್ಲಮೆಲ್ಲನೆ ಹೀರಿಕೊಂಡು ಮತ್ತೆ ಕಲ್ಲಾಗುವುದು. ಗೋಡೆಯೊಳಗಿನ ತೇವವನ್ನು ಹೊರಬಿಡುವುದೂ ಅದರ ಗುಣ. ಸಿಮೆಂಟಾದರೋ ತೇವವನ್ನು ಒಳಗೇ ಬಂಧಿಸುವುದು. ಬಂಧಿತವಾದ ತೇವವು ಹಳೆಯ ಸುಣ್ಣವನ್ನು ಸಡಿಲಿಸಿ ಉದುರಿಸುವುದು. ಹಳೆಯ ಗೋಡೆಗೆ ಸಿಮೆಂಟು ಬಳಿದು ‘ಭದ್ರಪಡಿಸಿದೆವು’ ಎನ್ನುವವರು ಇದನ್ನು ಮನಸ್ಸಿನಲ್ಲಿಡುವುದು ಲೇಸು.

ಗಾರೆಗೆ ಕೊರತೆಯೂ ಉಂಟು. ಅದು ಮಳೆಗೂ ಬಿಸಿಲಿಗೂ ಸವೆಯುವುದು, ಆಗಾಗ ಕೈಯ ಆರೈಕೆಯನ್ನು ಬೇಡುವುದು. ಚಾರ್ಮಿನಾರಿನ ಚರಿತ್ರೆಯು ಒಂದು ರೀತಿಯಲ್ಲಿ ಈ ಆರೈಕೆಯ ಚರಿತ್ರೆಯೇ ಆಗಿರುವುದು. ಗೋಲ್ಕೊಂಡವು 1687ರಲ್ಲಿ ಮೊಗಲರ ವಶವಾಯಿತು. ಕಟ್ಟಿಸಿದ ವಂಶವು ಅಳಿಯಿತು. ಆದರೂ ಮೊಗಲ ಸುಬೇದಾರರ ಕಾಲದಲ್ಲಿ ಸಿಡಿಲಿಗೆ ಸಿಕ್ಕಿ ಕೆಡೆದ ಒಂದು ಮಿನಾರನ್ನು 60,000 ರೂಪಾಯಿ ವೆಚ್ಚದಲ್ಲಿ ಪುನಃ ಕಟ್ಟಿದರೆಂದು ಹೇಳುವರು. ನಿಜಾಮರ ಕಾಲದಲ್ಲಿ, 1824ರಲ್ಲಿ, ಇಡೀ ಕಟ್ಟಡಕ್ಕೆ ಹೊಸದಾಗಿ ಗಾರೆ ಮಾಡಿಸಲು ಒಂದು ಲಕ್ಷ ರೂಪಾಯಿ ಹಿಡಿಯಿತು. 2019ರ ಮೇ ತಿಂಗಳಲ್ಲಿ ಒಂದು ಮಿನಾರಿನ ಗಚ್ಚಿನ ತುಂಡು ಕಳಚಿ ಬಿದ್ದಿತು. ಪ್ರಾಚ್ಯವಸ್ತು ಇಲಾಖೆಯವರು ಅದನ್ನು ಸರಿಪಡಿಸಲು ಹಿಂದಿನ ಸುಣ್ಣದ ಗಾರೆಯನ್ನೇ ಆಶ್ರಯಿಸಿದರು. ವಾಹನಗಳ ಹೊಗೆ ಮತ್ತು ಅದುರುವಿಕೆಗಳಿಂದ ಇದನ್ನು ಕಾಪಾಡುವುದಕ್ಕಾಗಿ ಸುತ್ತಣ ದಾರಿಯನ್ನು ನಡೆದು ಹೋಗುವವರಿಗೆ ಮೀಸಲಿಡುವ ಯೋಜನೆಯನ್ನೂ ಕೈಗೊಂಡರು.

ಮೂರು ರಾಜವಂಶಗಳು ಬಂದು ಹೋದುವು. ಆಳಿದವರ ಮತ, ಭಾಷೆ, ಧ್ವಜಗಳು ಬದಲಾದುವು. ಆದರೆ ಹಿಂದಿನವರು ಕಟ್ಟಿಸಿದುದು ನಮಗೇಕೆಂದು ಯಾರೂ ಇದನ್ನು ಕೈಬಿಡಲಿಲ್ಲ. ಪ್ರತಿ ತಲೆಮಾರೂ ತನ್ನ ಪಾಲಿನ ಸುಣ್ಣವನ್ನು ಅರೆಯಿತು. ಕಲ್ಲಿನ ಬಲಕ್ಕಿಂತಲೂ ಈ ಅಭ್ಯಾಸದ ಬಲದಿಂದಲೇ ಕಟ್ಟಡವು ನಾಲ್ಕು ಶತಮಾನಗಳನ್ನು ದಾಟಿತೆಂದು ನಾವು ತಿಳಿಯುವೆವು. ನಮ್ಮ ನಮ್ಮ ಊರುಗಳ ಚೌಕಗಳಲ್ಲಿಯೂ ಹಳೆಯ ಗಡಿಯಾರಗೋಪುರ, ಛತ್ರ, ಪಾಠಶಾಲೆ, ಪೇಟೆಯ ಕಟ್ಟಡಗಳು ಇರುವುವಷ್ಟೆ. ಅವುಗಳ ಗೋಡೆಯಲ್ಲಿ ಬಿರುಕು ಕಂಡೊಡನೆ ಕೆಡಹುವ ಮಾತನ್ನಾಡುವುದು ಸುಲಭ. ಅದಕ್ಕೆ ಮೊದಲು ಸುಣ್ಣದ ಕೆಲಸ ಬಲ್ಲ ಒಬ್ಬ ಗಾರೆಯವನನ್ನು ಕರೆದು ತೋರಿಸುವಂತೆ ಹೇಳುವವರು ಊರಿಗೆ ನಾಲ್ವರಾದರೂ ಬೇಕು. ಈ ಲೇಖನವನ್ನು ಓದಿದ ತಾಯಂದಿರೂ ತಂದೆಯರೂ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಆ ನಾಲ್ವರಲ್ಲಿ ಸೇರುವರೆಂದು ನಂಬಿರುವೆವು.