ಪೀನ ಮಸೂರ ಮತ್ತು ಮಿಥ್ಯ ಪ್ರತಿಬಿಂಬ: ಉತ್ತರಿಸಲಾಗದ ಒಂದು ಪ್ರಶ್ನೆ

ಬೋಧನಾಭ್ಯಾಸದ ಎರಡನೆಯ ವಾರ ಹತ್ತನೆಯ ತರಗತಿಗೆ ಪೀನ ಮಸೂರದ ಪಾಠ ಮಾಡಿದೆ. ಮಸೂರದ ಸಂಗಮದೂರ 10 ಸೆಂ.ಮೀ. ಮೇಣದಬತ್ತಿಯನ್ನು 30 ಸೆಂ.ಮೀ. ದೂರದಲ್ಲಿಟ್ಟಾಗ, ಇನ್ನೊಂದು ಬದಿಯಲ್ಲಿ 15 ಸೆಂ.ಮೀ. ದೂರದ ಕಾಗದದ ಮೇಲೆ ತಲೆಕೆಳಗಾದ ಜ್ವಾಲೆ ಸ್ಪಷ್ಟವಾಗಿ ಮೂಡಿತು. ಬಳಿಕ ಬತ್ತಿಯನ್ನು 6 ಸೆಂ.ಮೀ.ಗೆ ತಂದೆ. ಒಬ್ಬ ವಿದ್ಯಾರ್ಥಿನಿ ಕಾಗದವನ್ನು ಹಿಂದೆ ಮುಂದೆ ಸರಿಸಿ ಹುಡುಕಿದಳು. ಬರೀ ಬೆಳಕು, ಪ್ರತಿಬಿಂಬವಿಲ್ಲ. ಮಸೂರದ ಮೂಲಕ ನೋಡಿದರೆ ಮಾತ್ರ ನೇರವಾದ, ದೊಡ್ಡದಾದ ಜ್ವಾಲೆ ಕಾಣುತ್ತಿತ್ತು.

“ಸರ್, ಪೀನ ಮಸೂರ ಕಿರಣಗಳನ್ನು ಕೂಡಿಸುತ್ತದೆ ಅಂದ್ರಿ. ಇಲ್ಲಿ ಯಾಕೆ ಕೂಡಿಸಲಿಲ್ಲ?” ಎಂದಳು.

ನಾನು ಹಲಗೆಯ ಮೇಲೆ ಚುಕ್ಕೆಗೆರೆ ಎಳೆದು, “ವಸ್ತು ಸಂಗಮಬಿಂದುವಿಗಿಂತ ಹತ್ತಿರವಿದ್ದರೆ ಹೀಗಾಗುತ್ತದೆ” ಎಂದೆ. ಅದು ನಿಯಮ, ಕಾರಣವಲ್ಲ. ಅವಳು ಸುಮ್ಮನೆ ಬರೆದುಕೊಂಡಳು. ಮಾರ್ಗದರ್ಶಕ ಶಿಕ್ಷಕರು ನನ್ನ ಪಾಠಯೋಜನೆಯ ಅಂಚಿನಲ್ಲಿ “ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ” ಎಂದು ಬರೆದರು.

ಮರುದಿನ ಟಾರ್ಚಿನ ಸಣ್ಣ ಬಲ್ಬು ಮತ್ತು ರಟ್ಟು ಒಯ್ದೆ. ಮಸೂರದಷ್ಟೇ ಅಗಲದ, ಅಂದರೆ 4 ಸೆಂ.ಮೀ. ವ್ಯಾಸದ ರಂಧ್ರವನ್ನು ರಟ್ಟಿನಲ್ಲಿ ಕೊರೆದಿದ್ದೆ. ರಂಧ್ರದಿಂದ 6 ಸೆಂ.ಮೀ. ಹಿಂದೆ ಬಲ್ಬು, 15 ಸೆಂ.ಮೀ. ಮುಂದೆ ಕಾಗದ. ಕಾಗದದ ಮೇಲಿನ ಬೆಳಕಿನ ವೃತ್ತವನ್ನು ಮಕ್ಕಳೇ ಅಳೆದರು: ಸುಮಾರು 14 ಸೆಂ.ಮೀ. ನಂತರ ರಂಧ್ರಕ್ಕೆ ಮಸೂರ ಹಿಡಿದೆ. ವೃತ್ತ ಸುಮಾರು 8 ಸೆಂ.ಮೀ.ಗೆ ಇಳಿಯಿತು.

“ಈಗ ಹೇಳಿ, ಮಸೂರ ಕೆಲಸ ಮಾಡಿತೋ ಇಲ್ಲವೋ?”

“ಮಾಡಿದೆ ಸರ್. ಆದ್ರೆ ಸಾಕಾಗಲಿಲ್ಲ” ಎಂದಳು ಅದೇ ವಿದ್ಯಾರ್ಥಿನಿ.

ಅದೇ ಉತ್ತರ. ಪೀನ ಮಸೂರ ಯಾವಾಗಲೂ ಕಿರಣಗಳನ್ನು ಒಳಕ್ಕೆ ಬಾಗಿಸುತ್ತದೆ. ಆದರೆ ವಸ್ತು ತೀರ ಹತ್ತಿರವಿದ್ದರೆ ಕಿರಣಗಳು ಬಹಳ ಅಗಲವಾಗಿ ಹರಡುತ್ತಾ ಬರುತ್ತವೆ. ಆಗ ಮಸೂರ ಆ ಹರಡುವಿಕೆಯನ್ನು ತಗ್ಗಿಸಬಲ್ಲದೇ ಹೊರತು ಕಿರಣಗಳನ್ನು ಒಂದೆಡೆ ಸೇರಿಸಲಾರದು. ಬಲ್ಬನ್ನು 10 ಸೆಂ.ಮೀ.ಗೆ ಸರಿಸಿದಾಗ ಕಾಗದ ಎಲ್ಲಿದ್ದರೂ ವೃತ್ತ ಹೆಚ್ಚುಕಡಿಮೆ 4 ಸೆಂ.ಮೀ. ಉಳಿಯಿತು; ಕಿರಣಗಳು ಸಮಾಂತರವಾಗಿದ್ದವು. ಅದಕ್ಕೂ ದೂರ ಸರಿಸಿದಾಗಲೇ ವೃತ್ತ ಕಿರಿದಾಗತೊಡಗಿತು.

ಹಾಗಾದರೆ 6 ಸೆಂ.ಮೀ.ನಲ್ಲಿದ್ದಾಗ ಪ್ರತಿಬಿಂಬ ಎಲ್ಲಿ? ಮಸೂರದ ಬಳಿ 4 ಸೆಂ.ಮೀ. ಇದ್ದ ವೃತ್ತ 15 ಸೆಂ.ಮೀ. ಸಾಗುವಷ್ಟರಲ್ಲಿ 8 ಆಯಿತು. ಅದೇ ಲೆಕ್ಕದಲ್ಲಿ ಹಿಂದಕ್ಕೆ ಹೋದರೆ, ಬಲ್ಬಿನ ಬದಿಯಲ್ಲೇ 15 ಸೆಂ.ಮೀ. ದೂರದಲ್ಲಿ ವೃತ್ತ ಸೊನ್ನೆಯಾಗಬೇಕು. ಕಿರಣಗಳು ಅಲ್ಲಿಂದ ಹೊರಟಂತೆ ತೋರುತ್ತವೆ. ಮಸೂರ ಸೂತ್ರದಲ್ಲಿ ವಸ್ತುದೂರ -6 ಹಾಕಿದರೂ ಪ್ರತಿಬಿಂಬದೂರ -15 ಬರುತ್ತದೆ, ವರ್ಧನೆ 2.5. ಅಲ್ಲಿ ಕಿರಣಗಳು ನಿಜವಾಗಿ ಸೇರುವುದಿಲ್ಲವಾದ್ದರಿಂದ ಅದು ಮಿಥ್ಯ. ಕಾಗದ ಇಟ್ಟರೆ ಸಿಗದು. ಉಳಿದ ಕೆಲಸವನ್ನು ಮುಗಿಸುವುದು ನಮ್ಮ ಕಣ್ಣು. ಅದು ಆ ಹರಡುವ ಕಿರಣಗಳನ್ನು ಅಕ್ಷಿಪಟದ ಮೇಲೆ ಕೂಡಿಸುತ್ತದೆ. ಅದಕ್ಕೇ ಕಾಗದಕ್ಕೆ ಸಿಗದ್ದು ಕಣ್ಣಿಗೆ ಕಾಣುತ್ತದೆ.

ಮುಂದಿನ ಸಲ ಈ ಪಾಠಕ್ಕೆ ಹೋದರೆ ಚುಕ್ಕೆಗೆರೆಯನ್ನು ಕೊನೆಗೆ ಎಳೆಯುತ್ತೇನೆ. ಮೊದಲು ರಟ್ಟಿನ ರಂಧ್ರ, ಆಮೇಲೆ ಮಸೂರ, ಆಮೇಲೆ ಅಳತೆ.