ಬಾರ್ಡರ್‌ನಲ್ಲಿದೆ ಅಂದರೆ ಸುಮ್ಮನಿರಬೇಡಿ

‘ಶುಗರ್ ಬಾರ್ಡರ್‌ನಲ್ಲಿದೆ, ಅಷ್ಟೇ’ ಎಂದು ಸಮಾಧಾನ ಮಾಡಿಕೊಂಡು ರಿಪೋರ್ಟನ್ನು ಬೀರುವಿಗೆ ಸೇರಿಸುವವರು ಎಲ್ಲ ಮನೆಗಳಲ್ಲೂ ಇದ್ದಾರೆ. ಖಾಲಿ ಹೊಟ್ಟೆಯಲ್ಲಿ ಸಕ್ಕರೆ 100ರಿಂದ 125 ಇದ್ದರೆ ಸಾಮಾನ್ಯವಾಗಿ ಬಾರ್ಡರ್ ಎನ್ನುತ್ತಾರೆ. 126 ಮುಟ್ಟಿದರೆ ಮಧುಮೇಹ. ಐಸಿಎಂಆರ್ ಬೆಂಬಲದ ಇಂಡಿಯಾಬ್ ಅಧ್ಯಯನ 2023ರಲ್ಲಿ ಕೊಟ್ಟ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳು 10 ಕೋಟಿ, ಬಾರ್ಡರ್‌ನಲ್ಲಿರುವವರು 13 ಕೋಟಿಗೂ ಹೆಚ್ಚು. ಕಾಯಿಲೆಯನ್ನು ತಡೆಯಲು ಸಿಗುವ ಒಳ್ಳೆಯ ಸಮಯವೇ ಈ ಬಾರ್ಡರ್ ಹಂತ.

ಅದಕ್ಕೆ ಪುರಾವೆ ನಮ್ಮ ಪಕ್ಕದಲ್ಲೇ ಇದೆ. ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ ಇಂಥ 531 ಮಂದಿಯನ್ನು ಸುಮಾರು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಮಾಮೂಲಿ ಸಲಹೆ ಪಡೆದವರಲ್ಲಿ ನೂರಕ್ಕೆ 55 ಮಂದಿಗೆ ಮಧುಮೇಹ ಬಂತು. ನಡಿಗೆ, ಊಟದ ರೀತಿ ಬದಲಿಸಿಕೊಂಡವರಲ್ಲಿ 39 ಮಂದಿಗೆ. ಅವರ ತೂಕವೇನೂ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ! ತೂಕ ಇಳಿಯಲಿಲ್ಲವೆಂದು ವಾಕಿಂಗ್ ಬಿಡುವವರು ಇದನ್ನು ನೆನಪಿಡಬೇಕು.

ತೂಕಕ್ಕಿಂತ ಹೊಟ್ಟೆಯ ಸುತ್ತಳತೆ ನಮ್ಮವರಿಗೆ ಮುಖ್ಯ. ಕೈಕಾಲು ತೆಳ್ಳಗಿದ್ದರೂ ಹೊಟ್ಟೆಯೊಳಗೆ ಕೊಬ್ಬು ಸೇರುವುದು ಭಾರತೀಯರ ಮೈಕಟ್ಟಿನ ಸ್ವಭಾವ. ಆ ಕೊಬ್ಬು ಇನ್ಸುಲಿನ್ ಕೆಲಸಕ್ಕೆ ಅಡ್ಡಬರುತ್ತದೆ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮಿತಿ. ಪ್ಯಾಂಟಿನ ಅಳತೆ ನಂಬಬೇಡಿ, ಪ್ಯಾಂಟು ಹೊಟ್ಟೆಯ ಕೆಳಗೆ ಕೂತಿರುತ್ತದೆ. ದರ್ಜಿಯ ಟೇಪನ್ನು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಸುತ್ತಿ, ಉಸಿರು ಬಿಟ್ಟು, ಹೊಟ್ಟೆ ಒಳಗೆಳೆದುಕೊಳ್ಳದೆ ನೋಡಿ. ಅಪ್ಪ ಅಮ್ಮನಿಗೆ ಶುಗರ್ ಇದ್ದರೆ, ದಿನವಿಡೀ ಕೂತೇ ಕೆಲಸವಿದ್ದರೆ, ವಯಸ್ಸು ಮೂವತ್ತೈದು ದಾಟಿದ್ದರೆ ಅಪಾಯ ಇನ್ನೂ ಹೆಚ್ಚು.

‘ಅನ್ನ ಬಿಟ್ಟು ಮುದ್ದೆಗೆ ಬಂದಿದ್ದೇನೆ’ ಎನ್ನುವವರಿಗೆ ಒಂದು ಮಾತು: ಎರಡು ದೊಡ್ಡ ಮುದ್ದೆಯೂ ಪಿಷ್ಟವೇ. ಅನ್ನದ ಜಾಗಕ್ಕೆ ರಾಗಿ ಗೋಧಿ ಬಂದರಷ್ಟೇ ಸಾಲದು, ಒಟ್ಟು ಪ್ರಮಾಣ ಇಳಿಯಬೇಕು. ಆ ಜಾಗದಲ್ಲಿ ಬೇಳೆ, ಮೊಳಕೆಕಾಳು, ಮೊಸರು, ಸೊಪ್ಪಿನ ಪಲ್ಯ ಬರಲಿ.

ಬಸುರಿನಲ್ಲಿ ಶುಗರ್ ಕಾಣಿಸಿಕೊಂಡವರ ವಿಷಯದಲ್ಲಿ ನಮ್ಮ ನಿರ್ಲಕ್ಷ್ಯ ನೋವು ತರುತ್ತದೆ. ಹೆರಿಗೆಯಾಗಿ ಸಕ್ಕರೆ ಸರಿಹೋದರೆ ಎಲ್ಲರೂ ಮರೆತುಬಿಡುತ್ತಾರೆ. ಆದರೆ ಮುಂದೆ ಮಧುಮೇಹ ಬರುವ ಸಂಭವ ಇವರಿಗೆ ಬಹಳ ಹೆಚ್ಚು. ಹೆರಿಗೆಯಾದ ಆರರಿಂದ ಹನ್ನೆರಡು ವಾರದೊಳಗೆ ಒಮ್ಮೆ, ಆಮೇಲೆ ಒಂದರಿಂದ ಮೂರು ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಆಗಬೇಕು. ಮಗುವಿಗೆ ಲಸಿಕೆ ಹಾಕಿಸಲು ಆಸ್ಪತ್ರೆಗೆ ಹೋದ ದಿನವೇ ತಾಯಿಯ ಪರೀಕ್ಷೆಯನ್ನೂ ಮಾಡಿಸಿಬಿಡಿ.